ನೀರಿನಲ್ಲಿ ಬರೆಯುವ ಯಾನ್ ಮೇಷ್ಟ್ರು
ಬೆಳಗಾಯಿತೆಂದರೆ, ಕನ್ಫ್ಯೂಷಿಯಸ್ ಹುಟ್ಟಿದ ಚೀನಾದ ಚೂಫೂ ಊರಿನ ಪಾರ್ಕಿನಲ್ಲಿ ಯಾನ್ ಮೇಷ್ಟ್ರು ಉದ್ದ ಕುಂಚವನ್ನು ನೀರಿಗದ್ದಿ ಕಲ್ಲುಹಾಸಿನ ಮೇಲೆ ಬರೆಯುತ್ತ, ಹೋಗಿಬರುವವರ ವಯಸ್ಸು ವಿಚಾರಿಸುತ್ತಾರೆ. “ಮೂವತ್ತಾ? ಇನ್ನಾದ್ರೂ ಸ್ವಂತ ಕಾಲ ಮೇಲೆ ನಿಲ್ಲಪ್ಪ.” “ನಲವತ್ತಾಯ್ತಾ ತಾಯಿ? ಇನ್ನು ಅನುಮಾನ ಗಿನುಮಾನ ಇಟ್ಕೊಳ್ಳೋ ಹಾಗಿಲ್ಲ.” ಅರವತ್ತು ದಾಟಿದವನಿಗೆ ಯಾರು ಏನಂದರೂ ಕಿವಿಗೆ ಹಿತವಾಗಬೇಕೆಂದು ಬೋಧಿಸುವ ಇವರೇ, ತಮ್ಮ ಗೆರೆ ಸೊಟ್ಟ ಎಂದವರ ಮೇಲೆ ಹರಿಹಾಯುತ್ತಾರೆ. “ಹದಿನೈದರಿಂದ ಎಪ್ಪತ್ತರ ತನಕ ವಯಸ್ಸಿಗೊಂದು ಪಾಠ ಹೇಳಿದ ಕನ್ಫ್ಯೂಷಿಯಸ್ ಗುರುಗಳ ಏಣೀಲಿ ಒಂದು ಮೆಟ್ಟಿಲೂ ಹಾರೋ ಹಾಗಿಲ್ಲ” ಎಂಬುದು ಅವರ ಪಲ್ಲವಿ. ಬಿಸಿಲೇರಿ ಜನ ಕರಗಿದ ಮೇಲೆ, ಶಾಲೆಯ ಮುಖವನ್ನೇ ಕಾಣದ ಹೆಂಡತಿ, ಎಪ್ಪತ್ತೊಂದರ ಷೂಲಾನ್ ಬರುತ್ತಾಳೆ. ಮೇಷ್ಟ್ರು ಆಕೆಗೆ ಕುಂಚ ಕೊಟ್ಟು, ತಾವು ಬಕೆಟ್ ಹಿಡಿದು ನಿಲ್ಲುತ್ತಾರೆ. “ನಿಂಗಿನ್ನೂ ಹದಿನೈದು. ಕಲಿಯೋಕೆ ಮನಸ್ಸಿಡೋ ವಯಸ್ಸು. ಬರಿ.” ಆಕೆ ತನ್ನ ಹೆಸರು ಬರೆದು, ಅದು ಆರುವ ಮೊದಲೇ, “ನೋಡಿ, ನಿಮ್ಮ ಗೆರೆಗಿಂತ ನೆಟ್ಟಗಿದೆ” ಎನ್ನುತ್ತಾಳೆ. ಆ ಮಾತೊಂದು ಮಾತ್ರ ಮೇಷ್ಟ್ರ ಕಿವಿಗೆ ಹಿತವಾಗಿಯೇ ಕೇಳುತ್ತದೆ.