ಮದ್ದಿನ ಮನೆಯ ಮೆಟ್ಟಿಲಲ್ಲಿ

ಅವ್ವನನ್ನು ಮಣ್ಣು ಮಾಡಿದ ದಿನದಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಬಾಗೂರಿನಿಂದ ಅವಳು ಕೊಣನೂರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಳೆ ಬರುವ ಹಾಗಿದೆ, ಕಾಯುವುದು ಬೇಡ ಎಂದವರು ಊರಿನ ಹಿರಿಯರು. ಆದರೆ ಅವ್ವ ಇದ್ದದ್ದು ನನ್ನ ಮನೆಯಲ್ಲಿ. ಹಾಗಾಗಿ ಅಕ್ಕನ ಸಿಟ್ಟು ನನ್ನ ಮೇಲೆಯೇ ನಿಂತಿತು.

ಹೋದ ವರ್ಷ ನಮ್ಮ ಮಹಿಳಾ ಸಂಘದವರು ಮಿನಿ ಬಸ್ಸು ಮಾಡಿಕೊಂಡು ಗುಡ್ಡದ ಮೇಲಿನ ಒಂದು ಕೋಟೆಗೆ ಹೋದೆವು. ಹಿಂದೆ ಸಿಪಾಯಿಗಳು ಮಲಗುತ್ತಿದ್ದ ಉದ್ದನೆಯ ಕೋಣೆಗಳು ಈಗ ಮ್ಯೂಸಿಯಂ. ಗಾಜಿನೊಳಗೆ ಕತ್ತಿ, ತುಕ್ಕು ಹಿಡಿದ ಬಂದೂಕು. ನಮ್ಮವರು ಹೆಚ್ಚು ಹೊತ್ತು ನಿಂತದ್ದು ಮಾತ್ರ ಸಿಪಾಯಿಗಳಿಗೆ ಅನ್ನ ಬೇಯಿಸುತ್ತಿದ್ದ ಕೊಪ್ಪರಿಗೆಯ ಮುಂದೆ. "ಇದ್ನ ಯಾರ್ ಉಜ್ತಿದ್ರೋ!" ಎಂದಳು ಒಬ್ಬಳು.

ಅಂಗಳದ ಮಧ್ಯೆ, ನೆಲದಡಿಯಲ್ಲಿ, ಮದ್ದಿನ ಮನೆ. ಬಂದೂಕಿನ ಮದ್ದನ್ನು ಅಲ್ಲಿ ಇಡುತ್ತಿದ್ದರಂತೆ. ಮೆಟ್ಟಿಲು ಒಬ್ಬರಿಗಷ್ಟೇ ಸಾಲುವಷ್ಟು ಕಿರಿದು. ನಾನು ಗೋಡೆ ಹಿಡಿದು ಇಳಿಯುತ್ತಿದ್ದೆ. ಕೆಳಗಿನಿಂದ ಒಬ್ಬಳು ಮಂಡಿ ಒತ್ತಿಕೊಳ್ಳುತ್ತಾ ಹತ್ತಿ ಬರುತ್ತಿದ್ದಳು. ತಲೆ ಎತ್ತಿದಳು. ಅಕ್ಕ. ಗಂಡನ ಮನೆಯವರ ಜೊತೆ ಬಂದಿದ್ದಳು.

ನನ್ನ ಹಿಂದೆ ಸಂಘದವರು, ಅವಳ ಹಿಂದೆ ಅವಳ ನಾದಿನಿಯರು. "ಯಾಕ್ ನಿಂತ್ಬುಟ್ರಿ?" ಎಂದು ಎರಡೂ ಕಡೆಯಿಂದ ಕೂಗು. ನಾನು ನಮ್ಮವರನ್ನು ವಾಪಸು ಹತ್ತಿಸಿ ಅವಳಿಗೆ ಕೈ ಕೊಟ್ಟೆ. ಹಿಡಿದುಕೊಂಡಳು. ಮಂಡಿ ನೋವಿಗೆ ಹಿಡಿದಿರಬೇಕು ಎಂದುಕೊಂಡೆ.

ಮೇಲೆ ಬಂದ ಮೇಲೂ ಅವಳು ಹೊರಟು ಹೋಗಲಿಲ್ಲ. ಕೋಟೆಗೋಡೆಯ ನೆರಳಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೂ ಕೂತೆ.

"ಅವ್ವ ಕೊನೇಲಿ ನನ್ನೇನಾರ ಕೇಳುದ್ಲಾ?" ಎಂದಳು.

"ಊಂ ಕಣಕ್ಕ. ಬಾಗ್ಲು ಸದ್ದಾದ್ರೆ ಸಾಕು, ದೊಡ್ಡೋಳ್ ಬಂದ್ಲಾ ಅಂತಿದ್ಲು."

"ನೀ ಏನಂದೆ?"

"ಬತ್ತಾವ್ಳೆ ಕಣವ್ವ ಅಂದೆ."

ಅವಳು ಸ್ವಲ್ಪ ಹೊತ್ತು ಅತ್ತಳು. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ನಮ್ಮನ್ನು ನೋಡುತ್ತಾ ಸಾಲಾಗಿ ಹೋದರು. ನನಗೆ ಅಳು ಬರಲಿಲ್ಲ. ನೀರಿನ ಬಾಟಲಿ ಕೊಟ್ಟೆ, ಕುಡಿದಳು.

"ಗೌರಿ ಅಬ್ಬಕ್ ಬಾ," ಎಂದು ಎದ್ದಳು.

ಹೋದೆ. ಅವ್ವನನ್ನು ಮಣ್ಣು ಮಾಡಿದ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ. ಇನ್ನೊಂದು ದಿನ ಇರು ಎಂದಳು, ಇದ್ದೆ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಸಣ್ಣ ಜಗಳವೂ ಆಯಿತು.