ಗುಡ್ಡದ ದಾರಿಗೆ ಸುಣ್ಣ ಬಳಿದದ್ದು

ನಮ್ಮಕ್ಕ ಕುರುಗೋಡಿನಿಂದ ಬಳ್ಳಾರಿಗೆ ಬಂದಾಗಲೆಲ್ಲ ಮನೆಮಂದಿಯೆಲ್ಲ ಸಂಗನಕಲ್ಲಿನ ಗುಡ್ಡಕ್ಕೆ ಹೋಗುವುದು ರೂಢಿ. ನಾವು ಹತ್ತುತ್ತೇವೆ, ನಾಲ್ಕು ಹೆಜ್ಜೆ ಏರಿದರೆ ದಮ್ಮು ಹತ್ತುವ ಅಕ್ಕ ಬೇವಿನ ಮರದ ಕೆಳಗೆ ಕೂತು ಮಂಗಗಳಿಂದ ಬುತ್ತಿ ಕಾಯುತ್ತಾಳೆ. ಮೇಲೊಂದು ಬಂಡೆ ಇದೆ, ಕಲ್ಲಿನಿಂದ ಕುಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆ. ಅದನ್ನು ಒಮ್ಮೆ ಕೈಯಾರೆ ನುಡಿಸಬೇಕೆಂಬುದು ಅಕ್ಕನ ಆಸೆ. ನಡುನಡುವೆ ಕೂತು ಸುಧಾರಿಸಿಕೊಂಡರೆ ಹತ್ತಬಹುದು ಎಂದು ಡಾಕ್ಟರು ಹೇಳಿದ್ದರು. ದಾರಿ ನಡುವೆ ಕೂತರೆ ಮುದುಕಿ ಅನ್ನುತ್ತಾರೆಂದು ನಮ್ಮಕ್ಕ ಕೂರುವವಳಲ್ಲ. ಒಂದೆರಡು ಸಲ ಹತ್ತಲು ಹೊರಟು ಅರ್ಧಕ್ಕೇ ಏದುಸಿರು ಬಿಡುತ್ತ ಇಳಿದುಬಿಟ್ಟಿದ್ದಳು.

ಈ ಚಳಿಗಾಲದಲ್ಲಿ ನಾನೂ ನನ್ನ ವಾಕಿಂಗ್ ಗೆಳೆಯರೂ ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಆ ದಾರಿಯನ್ನು ಎಲ್ಲರೂ ಹತ್ತುವಂತೆ ಮಾಡಲು ಹೊರಟೆವು. ಜಾಲಿ ಕಡಿದೆವು. ನಾಡೆಲ್ಲ ಅದಕ್ಕೆ ಬಳ್ಳಾರಿ ಜಾಲಿ ಅಂತಲೇ ಹೆಸರು. ಊರಿನ ಕೀರ್ತಿ ಹೀಗೂ ಹಬ್ಬಿದೆ. ಬಿಡಿಗಲ್ಲು ಜೋಡಿಸಿ ಮೆಟ್ಟಿಲು ಮಾಡಿದೆವು. ಯಾರೂ ದಾರಿ ತಪ್ಪದಿರಲೆಂದು ಅಂಚಿಗೆ ಹತ್ತಿರ ಹತ್ತಿರ ಒಂದೊಂದು ಕಲ್ಲು ನಿಲ್ಲಿಸಿ, ದೂರಕ್ಕೆ ಕಾಣಲಿ ಅಂತ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದೆವು. ಆ ಬುದ್ಧಿವಂತಿಕೆ ನನ್ನದೇ.

ಸುಣ್ಣ, ಕೆಮ್ಮಣ್ಣಿನ ಪಟ್ಟೆ ನಮ್ಮ ಕಡೆ ಎಲ್ಲಿರುತ್ತದೆ? ಗುಡಿಯ ಗೋಡೆಯ ಮೇಲೆ. ಎಂಟು ದಿನ ಬಿಟ್ಟು ಹೋದರೆ ಪ್ರತಿ ಕಲ್ಲಿಗೂ ಅರಿಶಿನ, ಕುಂಕುಮ, ಕಣಗಿಲೆ ಹೂವು. ಒಂದರ ಮುಂದೆ ತೆಂಗಿನಕಾಯಿಯ ಹೋಳು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲ ತೊಳೆದು ನೀಲಿ ಬಣ್ಣ ಬಳಿಯೋಣ ಅಂದೆ. ದೇವರಾಗಿ ಹೋದ ಕಲ್ಲನ್ನು ಉಜ್ಜಲು ಗೆಳೆಯರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೈ ಬರಲಿಲ್ಲ.

ಮುಂದಿನ ಭಾನುವಾರ ಅಕ್ಕ ಬಂದಳು. ಮೊದಲ ಕಲ್ಲು ಕಂಡದ್ದೇ ಚಪ್ಪಲಿ ಬಿಟ್ಟು, ಕೂತು, ಕಣ್ಣು ಮುಚ್ಚಿ ಕೈಮುಗಿದಳು. ಎದ್ದು ಎರಡನೆಯದಕ್ಕೆ ನಡೆದಳು, ಮತ್ತೆ ಕೂತಳು. ದೇವರ ಮುಂದೆ ಕೂತವಳನ್ನು ಮುದುಕಿ ಅನ್ನುವವರು ಯಾರು? ನಾನು ಅವಳ ಚಪ್ಪಲಿ ಎತ್ತಿಕೊಂಡು ಹಿಂದೆ ಹೋದೆ. ಹೀಗೇ ಕೂತು ಎದ್ದು, ಬಿಸಿಲೇರುವ ಮೊದಲೇ ಅಕ್ಕ ತುದಿ ಮುಟ್ಟಿದಳು. ಒಂದು ಕಲ್ಲೆತ್ತಿ ಬಂಡೆಯನ್ನು ಮೆಲ್ಲಗೆ ಕುಟ್ಟಿದಳು. ಆ ನಾದಕ್ಕೆ ಅವಳ ಮುಖ ಅರಳಿದ್ದು ಕಂಡು ನನ್ನ ಕಣ್ಣು ತುಂಬಿತು.

ಆಮೇಲೆ ನೆನಪಾಯಿತು, ಬುತ್ತಿ ಬೇವಿನ ಮರದ ಕೆಳಗೇ ಉಳಿದಿತ್ತು. ಮಂಗಗಳು ಬಿಟ್ಟಾವೇ ಎಂದು ಗಾಬರಿಯಾದೆ.

"ಇಷ್ಟು ವರ್ಷ ನಾ ಕಾದೀನಿ," ಅಂದಳು ಅಕ್ಕ, ಮತ್ತೊಂದು ಸಲ ಬಂಡೆ ಕುಟ್ಟುತ್ತ. "ಇವತ್ತು ನೀ ಹೋಗಿ ಕಾಯಿ."