ಬಸ್ ಸ್ಟಾಪಿನಿಂದ ನಮ್ಮ ಗೇಟಿನವರೆಗೆ

ನಾಗವೇಣಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ನಾನು ಅವರೆಕಾಯಿ ಬಿಡಿಸುತ್ತಿದ್ದರೆ ಎದುರಿಗೆ ಕೂತು ನನ್ನ ಬೆರಳನ್ನೇ ನೋಡುವಳು. ಹೂವಿನವಳು ಮೊಳ ಹಾಕುತ್ತಿದ್ದರೆ ಅವಳ ಮೊಣಕೈ ನೋಡುವಳು. ಹದಿನೇಳು ವರ್ಷದ ಹುಡುಗಿ ಕಣ್ಣು ಮಿಟುಕಿಸದೆ ಹಾಗೆ ಕೂತರೆ ಎಂಥವರಿಗೂ ಕಸಿವಿಸಿಯಾಗುತ್ತದೆ. ಒಂದು ದಿನ ಬೈದೇಬಿಟ್ಟೆ.

"ಏನಮ್ಮಿ ಅದು, ಬೆಕ್ಕು ನೋಡ್ದಂಗೆ ನೋಡ್ತೀಯ?"

"ನಿಮ್ಮ ಹೆಬ್ಬೆರಳು ಮೊದಲು ಹೋಗ್ತದೆ ಅಜ್ಜಿ, ಕಣ್ಣು ಆಮೇಲೆ ಹೋಗ್ತದೆ. ಆಟ ಮಾಡೋರಿಗೆ ಇದು ಗೊತ್ತಿರ್ಬೇಕು" ಎಂದಳು.

ಆಟ ಅಂದರೆ ವಿಡಿಯೋ ಗೇಮು. ಮಕ್ಕಳು ಫೋನಿನಲ್ಲಿ ಆಡುತ್ತಾರಲ್ಲ, ಅದು. ಇವಳು ಆಡುವವಳಲ್ಲ, ಮಾಡುವವಳು. ಮೂಲೆ ಒಡೆದ ಹಳೆಯ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕಾಲೇಜಿಗೆ ಹೋಗುವುದು, ಬರುವುದು, ಕೂರುವುದು, ಅಷ್ಟೇ.

ನಮ್ಮ ಮನೆ ಬಿಳೇಕಹಳ್ಳಿಯಲ್ಲಿ, ಬನ್ನೇರುಘಟ್ಟ ರಸ್ತೆಯಿಂದ ಒಳಕ್ಕೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತು ಎದ್ದಿದೆ. ಕೆಳಗೆ ನಾನು, ನಡುವೆ ಮಗ ಮಂಜುನಾಥನ ಸಂಸಾರ, ಮೇಲೆ ಬಾಡಿಗೆಯವರು. ತಾಯಿ ಮಗಳು ಮನೆ ನೋಡಲು ಬಂದ ದಿನ ಬ್ರೋಕರ್ ನನ್ನ ಕಿವಿಯ ಹತ್ತಿರ ಬಂದ. ಕಿವಿಯಲ್ಲಿ ಹೇಳುತ್ತೇನೆ ಎಂದುಕೊಂಡು ಬೀದಿಗೆಲ್ಲ ಕೇಳುವಂತೆ ಹೇಳಿದ.

"ಆಂಟಿ, ಆಫ್ರಿಕಾ ಪಾರ್ಟಿ. ಬೇಡ ಅಂದ್ರೆ ಈಗ್ಲೇ ಕಳಿಸ್ಬಿಡ್ತೀನಿ. ಅವ್ರಿಗೆ ನಾವೇನ್ ಮಾತಾಡಿದ್ರೂ ತಿಳಿಯಲ್ಲ."

ಆ ತಾಯಿ ನನ್ನ ಕಡೆ ತಿರುಗಿ ಕೇಳಿದಳು: "ಅಮ್ಮಾ, ಮೇಲಿನ ಮನೆಗೆ ನೀರು ಹತ್ತುತ್ತದಾ, ಇಲ್ಲ ಕೆಳಗಿಂದ ಹೊರಬೇಕಾ?"

ಬ್ರೋಕರ್ ಬಾಯಿ ಮುಚ್ಚಿದ. ಯಾವೂರಮ್ಮ ಎಂದೆ. ಯಲ್ಲಾಪುರದ ಹತ್ತಿರ ಎಂದಳು. ಸಿದ್ದಿ ಜನ. ಹಿರೀಕರನ್ನು ಯಾವ ಕಾಲಕ್ಕೋ ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದಿದ್ದರಂತೆ. ತಲೆಮಾರುಗಟ್ಟಲೆ ಅಲ್ಲೇ ಇದ್ದಾರೆ. ಬಣ್ಣ ಕಪ್ಪು, ಕೂದಲು ಗುಂಗುರು, ಮಾತು ಕನ್ನಡ. ತಾಯಿ ಗಿರಿಜಾ ನರ್ಸಿಂಗ್ ಹೋಮಿನಲ್ಲಿ ಆಯಾ. ನೀರಿನ ಬಗ್ಗೆ ಮೊದಲು ಕೇಳುವವರು ಮನೆ ಕೆಡಿಸುವುದಿಲ್ಲ. ಕೀಲಿ ಕೊಟ್ಟೆ.

ನಮ್ಮ ರಸ್ತೆಯಲ್ಲಿ ಎಲ್ಲರೂ ವೇಣಿಯೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡುವವರೇ. ಕಿರಾಣಿ ಅಂಗಡಿಯವನು "ವಾಟ್ ಮೇಡಂ, ವಾಟ್ ವಾಂಟ್?" ಎನ್ನುವನು. ಇವಳು "ಅರ್ಧ ಕೇಜಿ ತೊಗರಿಬೇಳೆ ಕೊಡಿ ಅಣ್ಣ" ಎನ್ನುವಳು. ನಾನೇ ಪಕ್ಕದಲ್ಲಿದ್ದೆ, ಒಂದು ಸಲ ಅವನು ಕಣ್ಣರಳಿಸಿ, "ಸೂಪರ್ ಮೇಡಂ! ಕನ್ನಡ ಎಷ್ಟ್ ಬೇಗ ಕಲ್ತ್‌ಬಿಟ್ರಿ!" ಎಂದ.

"ಅಮ್ಮನ ಹೊಟ್ಟೆಯಲ್ಲಿದ್ದಾಗ್ಲೇ ಶುರು ಮಾಡಿದ್ದೆ ಅಣ್ಣ" ಎಂದಳು. ನಗಲಿಲ್ಲ. ಬೇಳೆ ತೂಗುವ ಅವನ ಕೈ ನೋಡುತ್ತಿದ್ದಳು.

ಅವಳು ಮಾಡಿದ ಆಟವನ್ನು ಮೊದಲು ಆಡಬೇಕಾದವಳು ನಾನು. ನನಗೆ ಹೆಸರು ಬರೆಯುವಷ್ಟು, ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟು ಅಕ್ಷರ ಬರುತ್ತದೆ. ಬೇರೆ ಯಾರನ್ನಾದರೂ ಕರಿ ಎಂದರೆ, ನೀವೇ ಆಗಬೇಕು ಎಂದಳು. ಅಕ್ಷರ ಇಲ್ಲದೆ ಆಡುವಂಥ ಆಟ ಅವಳಿಗೆ ಬೇಕಿತ್ತು. ನಾನು ಆಡುವಾಗ ಹಿಂದೆ ಕೂರುವಳು, ತುಟಿ ಬಿಚ್ಚುವಂತಿಲ್ಲ. ಅದು ಅವಳದೇ ಕಟ್ಟಳೆ. ನಾನು ಎಲ್ಲಿ ಒತ್ತಬೇಕು ಎಂದು ಕೇಳಿದರೂ ಇಲ್ಲ, ಬೈದರೂ ಇಲ್ಲ. ಸುಮ್ಮನೆ ಕೈ ನೋಡುವಳು. ಆಟ ಕೆಟ್ಟ ಮೇಲೆ ಬಾಯಿ ಬಿಡುವಳು.

"ನೀವು ತಪ್ಪಿದ್ರೆ ಅದು ಆಟದ ತಪ್ಪು ಅಜ್ಜಿ, ನಿಮ್ಮದಲ್ಲ. ನಾ ಸರಿ ಮಾಡ್ತೆ."

ಮೊದಲ ಆಟ ನಲ್ಲಿಯದು. ನೀರು ನಿಲ್ಲುವುದರೊಳಗೆ ಹೆಂಗಸೊಬ್ಬಳು ಬಿಂದಿಗೆಗಳನ್ನು ತುಂಬಿಕೊಳ್ಳಬೇಕು. ಅದರಲ್ಲಿ ಚಿಕ್ಕ ಬಿಂದಿಗೆ ಮೊದಲು ಬರುತ್ತಿತ್ತು. "ಯಾವ ಗುಗ್ಗು ಚಿಕ್ಕುದ್ನ ಮೊದ್ಲು ಇಡ್ತಾಳೆ? ನೀರು ಜೋರಾಗಿರೋವಾಗ ಕೊಳಗ ಇಡ್ಬೇಕು" ಎಂದೆ. ಮಾರನೆಯ ದಿನ ಅದರಲ್ಲಿ ಕೊಳಗ ಇತ್ತು. ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ಬೈಯುವ ಒಬ್ಬಳು ಮುದುಕಿಯೂ ಇದ್ದಳು. ನನ್ನ ಹಾಗಿಲ್ಲ ಎಂದೆ. ಇದೆ ಎಂದಳು.

ಎರಡನೆಯ ಆಟಕ್ಕೆ ಬಂದಾಗಲೇ ತೊಂದರೆ ಶುರುವಾದದ್ದು. ನಮ್ಮ ರಸ್ತೆಯನ್ನೇ ಆಟ ಮಾಡುತ್ತೇನೆ ಎಂದು ಹೊರಟಳು. ಕಾಲೇಜಿನಿಂದ ಬರುವಾಗ ಪ್ರತಿ ಗೇಟಿನ ಮುಂದೂ ನಿಂತು ಫೋಟೋ ತೆಗೆದಳು. ನಾಯಿ ಬೊಗಳುವುದನ್ನು, ಕುಕ್ಕರ್ ಕೂಗುವುದನ್ನು ಫೋನಿನಲ್ಲಿ ಹಿಡಿದಳು. ಯಾರು ಯಾವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ನೋಡಿಕೊಂಡಳು. ಆ ವಾರವೇ ಹಿಂದಿನ ರಸ್ತೆಯಲ್ಲಿ ಒಂದು ಸ್ಕೂಟರ್ ಕಳುವಾಯಿತು. ಯಾರೋ ಮಹಡಿಯಿಂದ ವೇಣಿಯ ಫೋಟೋ ತೆಗೆದು ರಸ್ತೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಮಂಜ ಊಟದ ತಟ್ಟೆಯ ಮುಂದೆ ಅದರ ಕೆಳಗೆ ಬರೆದದ್ದನ್ನು ನನಗೆ ಓದಿ ಹೇಳಿದ. ಫಾರಿನ್ ಹುಡುಗಿ ಮನೆ ಗುರುತು ಮಾಡುತ್ತಿದ್ದಾಳೆ, ಎಚ್ಚರಿಕೆ.

"ಅವ್ಳು ಫಾರಿನ್ ಅಲ್ಲ ಅಂತ ನೀನು ಹಾಕ್ಲಿಲ್ವಾ?"

"ಹಾಕಿದ್ರೆ ನನ್ನನ್ನೇ ತಗಲಾಕ್ಕೊಳ್ತಾರೆ ಅಮ್ಮ. ಸುಮ್ನೆ ಖಾಲಿ ಮಾಡ್ಸು, ಬೇರೆ ಬಾಡಿಗೆ ಸಿಗಲ್ವಾ?"

ಭಾನುವಾರ ಬೆಳಿಗ್ಗೆ ಬಂದರು. ಗಿರಿಜಾ ಡ್ಯೂಟಿಗೆ ಹೋಗಿದ್ದಳು, ವೇಣಿ ಬಟ್ಟೆ ಒಣಗಲು ಹಾಕಲು ಕೆಳಗೆ ಇಳಿದಿದ್ದಳು. ಮುಂದೆ ಶ್ರೀಕಂಠಯ್ಯ, ನಮ್ಮ ರಸ್ತೆ ಸಂಘದ ಅಧ್ಯಕ್ಷರು, ರಿಟೈರಾದವರು. ಅವರ ಪಕ್ಕದಲ್ಲಿ ಎದುರಿನ ಫ್ಲಾಟಿನ ರೂಪಾ ಮೇಡಂ. ಹಿಂದೆ ಇನ್ನೂ ಏಳೆಂಟು ಜನ. ಮಂಜ ಮಹಡಿಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ನಿಲ್ಲಲಿಲ್ಲ, ಅವರ ಪಕ್ಕದಲ್ಲಿ ನಿಂತ.

"ಪಾಸ್‌ಪೋರ್ಟ್. ಶೋ ಪಾಸ್‌ಪೋರ್ಟ್" ಎಂದರು ಶ್ರೀಕಂಠಯ್ಯ.

"ಅವ್ಳು ಯಲ್ಲಾಪುರದೋಳು ಶ್ರೀಕಂಠಯ್ಯನೋರೆ. ಅಲ್ಲಿಗೋಗಕ್ಕೆ ನಿಮ್ಗೆ ಪಾಸ್‌ಪೋರ್ಟ್ ಬೇಕೇನು?" ಎಂದೆ.

ರೂಪಾ ಮೇಡಂ, "ಎಲ್ರೂ ಹಂಗೇ ಹೇಳ್ತಾರೆ ಆಂಟಿ. ಆಧಾರ್ ಕೂಡ ಮಾಡಿಸ್ಕೊಂಡಿರ್ತಾರೆ, ನಂಬ್ಬೇಡಿ" ಎಂದಳು. ಆಮೇಲೆ ಪಕ್ಕದವಳಿಗೆ, "ನೋಡ್ರೀ ಹೆಂಗೆ ನಿಂತಿದಾಳೆ, ಒಂಚೂರಾದ್ರೂ ಭಯ ಇದ್ಯಾ? ಪೊಲೀಸ್ ಬಂದ್ರೇನೇ ಇವ್ರಿಗೆ ಬುದ್ಧಿ" ಎಂದಳು. ಅಷ್ಟೂ ಕನ್ನಡದಲ್ಲಿ, ಅವಳ ಎದುರಿಗೇ, ಅವಳು ಗೋಡೆ ಎಂಬಂತೆ. ಹಿಂದಿನಿಂದ ಇನ್ನೂ ಹೊಲಸು ಮಾತು ಬಂತು. ಅದನ್ನು ನನ್ನ ಬಾಯಿಂದ ಹೇಳುವುದಿಲ್ಲ.

ವೇಣಿ ಒದ್ದೆ ಟವೆಲ್ಲು ಹಿಡಿದುಕೊಂಡು ನಿಂತೇ ಇದ್ದಳು. ತುಟಿ ಬಿಚ್ಚಲಿಲ್ಲ. ನಾನು ಆಡುವಾಗ ಹೇಗೆ ಕೂರುತ್ತಿದ್ದಳೋ ಹಾಗೆಯೇ. ಶ್ರೀಕಂಠಯ್ಯನ ಕೈ ಬೆರಳು ಮಾಡಿ ತೋರಿಸುತ್ತಿತ್ತು, ಇವಳು ಆ ಬೆರಳನ್ನೇ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಬಾಯಿ ಬಿಡೇ! ಮೂಗಿ ಏನೇ ನೀನು?"

"ಅವರದ್ದು ಮುಗೀಲಿ ಅಜ್ಜಿ" ಎಂದಳು. ಶ್ರೀಕಂಠಯ್ಯನ ಬೆರಳು ಕೆಳಗಿಳಿಯಿತು. ಆಗ ಶ್ರೀಕಂಠಯ್ಯನಿಗೆ ಹೇಳಿದಳು: "ಅಂಕಲ್, ಫೋಟೋ ತೆಗ್ದದ್ದು ಹೌದು. ಯಾಕೆ ಅಂತ ಹೇಳಿದ್ರೆ ನೀವು ನಂಬೋದಿಲ್ಲ. ತೋರಿಸ್ತೆ, ನಿಲ್ಲಿ."

ಅವಳು ಮೇಲೆ ಹತ್ತಿದಳು. ಓಡಿಹೋದಾಳು ಎಂದು ಶ್ರೀಕಂಠಯ್ಯ ಕಣ್ಸನ್ನೆ ಮಾಡಿದರು. ಮೆಟ್ಟಿಲಿಗೆ ಅಡ್ಡ ನಿಂತವನು ನನ್ನ ಮಗ.

ಅವಳು ಲ್ಯಾಪ್‌ಟಾಪು ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟಳು. "ಆಡಿ ಅಂಕಲ್" ಎಂದಳು. ಅವರು ಬೇಡವೆನ್ನಬಹುದಿತ್ತು. ಆದರೆ ಹಿಂದೆ ಜನ ಇದ್ದರು, ಮುಂದೆ ಯಂತ್ರ ಇತ್ತು. ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು.

ಆಟ ಇಷ್ಟೇ. ಒಬ್ಬಳು ಹುಡುಗಿ ಬಸ್ ಸ್ಟಾಪಿನಲ್ಲಿ ಇಳಿಯುತ್ತಾಳೆ. ನಮ್ಮ ಗೇಟು ಮುಟ್ಟಬೇಕು. ದಾರಿಯ ಎರಡೂ ಕಡೆ ಗೇಟುಗಳು, ಪ್ರತಿ ಗೇಟಿನಲ್ಲೂ ಒಬ್ಬರು. ಅವರು ನೋಡಿದರೆ ಹುಡುಗಿಯ ಮೇಲೆ ಹಳದಿ ಬೆಳಕು ಬೀಳುತ್ತದೆ, ಕಾಲು ಭಾರವಾಗುತ್ತದೆ. ಓಡಿದರೆ ನಾಯಿಗಳು ಮೇಲೆ ಬೀಳುತ್ತವೆ. ನಿಂತರೆ ಒಬ್ಬರು ಬಂದು ಏನೋ ಕೇಳುತ್ತಾರೆ, ಆಮೇಲೆ ಮತ್ತೆ ಬಸ್ ಸ್ಟಾಪು. ಶ್ರೀಕಂಠಯ್ಯ ಓಡಿಸಿದರು, ನಾಯಿ ಹಿಡಿಯಿತು. ನಿಲ್ಲಿಸಿದರು, ಬಸ್ ಸ್ಟಾಪಿಗೆ ಬಂದರು. ಆಟ ಅಂದರೆ ಗಂಡಸರಿಗೆ ಹಟ ಬರುತ್ತದೆ. ಮೂರು ಗೇಟು ದಾಟಿದರು, ನಾಲ್ಕನೆಯದು ದಾಟಲಾಗಲಿಲ್ಲ. ಮತ್ತೆ ಮತ್ತೆ ಅಲ್ಲೇ ಸಿಕ್ಕಿಬಿದ್ದರು. ಯಾತಕ್ಕೆ ಬಂದಿದ್ದೇವೆ ಎಂಬುದನ್ನೇ ಮರೆತವರ ಹಾಗೆ ಕೇಳಿದರು:

"ಇಲ್ಲಿಂದ ಮುಂದಕ್ ಹೋಗೋದ್ ಹೆಂಗಮ್ಮ?"

"ಗೊತ್ತಿಲ್ಲ ಅಂಕಲ್. ನನಗೂ ಇನ್ನೂ ಸಿಕ್ಕಿಲ್ಲ" ಎಂದಳು ವೇಣಿ.

ಅಲ್ಲಿಗೆ ನಿಂತಿದ್ದರೆ ಏನಾಗುತ್ತಿತ್ತೋ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು, "ಸಾರ್, ಅದು ನಿಮ್ಮನೆ ಗೇಟೇ ಅಲ್ವಾ? ದೃಷ್ಟಿಗೊಂಬೆ ನೋಡಿ ಸಾರ್, ಸೇಮ್ ಟು ಸೇಮ್!" ಎಂದುಬಿಟ್ಟ. ಶ್ರೀಕಂಠಯ್ಯನ ಕಿವಿ ಕೆಂಪಾಯಿತು. ಲ್ಯಾಪ್‌ಟಾಪಿನ ಮುಚ್ಚಳವನ್ನು ಪಟ್ಟನೆ ಬಡಿದರು.

"ನಮ್ಮನೆ ಮುಂದೆ ನಿಂತು ಫೋಟೋ ತೆಗ್ದು, ನಮ್ಮನ್ನೇ ರೌಡಿಗಳ ಥರ ತೋರಿಸ್ತೀಯಾ? ಮುನಿಯಮ್ಮನವ್ರೇ, ತಿಂಗಳೊಳಗೆ ಖಾಲಿ ಮಾಡ್ಸಿ."

"ಖಾತೆ ನನ್ನೆಸ್ರಲ್ಲೈತೆ. ಮನೇಲಿ ಯಾರಿರ್ಬೇಕು ಅಂತ ನಾನು ಹೇಳ್ತೀನಿ" ಎಂದೆ. "ಮಂಜ, ಮೆಟ್ಲು ಬಿಟ್ಟು ಇಳಿ."

ಮಂಜ ಇಳಿದ. ಅವರೆಲ್ಲ ಹೊರಟರು. ಗೇಟಿನ ಹತ್ತಿರ ಶ್ರೀಕಂಠಯ್ಯ ತಿರುಗಿ, "ಮನೆ ನಿಮ್ದು ಸರಿ. ರಸ್ತೆ ನಿಮ್ದಲ್ಲ. ಏನಾದ್ರೂ ಆದ್ರೆ ನಮ್ಮನ್ನ ಕೇಳ್ಬೇಡಿ" ಎಂದರು.

ಗೆದ್ದೆ ಎಂದುಕೊಂಡಿದ್ದೆ. ಆಮೇಲೆ ಅವಳು ಬರುವ ಹೊತ್ತಿಗೆ ಸ್ಕೂಟರುಗಳು ಪಕ್ಕಕ್ಕೆ ಬಂದು ನಿಧಾನವಾಗತೊಡಗಿದವು. ಗೇಟಿನಿಂದ ಗೇಟಿಗೆ ಫೋನುಗಳು ಮೇಲೇಳುತ್ತಿದ್ದವು. ಕಟ್ಟಿಹಾಕುತ್ತಿದ್ದ ನಾಯಿಯನ್ನು ಯಾರೋ ಅದೇ ಹೊತ್ತಿಗೆ ಬಿಡತೊಡಗಿದರು. ಒಂದು ಸಂಜೆ ಅವಳ ಚೂಡಿದಾರದ ಅಂಚು ಹರಿದಿತ್ತು. ಏನಾಯ್ತು ಎಂದರೆ, "ಓಡಬಾರ್ದಿತ್ತು, ಓಡಿದೆ" ಎಂದಳು ಅಷ್ಟೇ.

ನಾನು ದಿನಾ ಬಸ್ ಸ್ಟಾಪಿಗೆ ಹೋಗಿ ಕರೆದುಕೊಂಡು ಬರತೊಡಗಿದೆ. ಮಂಡಿ ನೋಯುತ್ತಿತ್ತು, ಆದರೂ ಹೋದೆ. ನಾನಿದ್ದರೆ ನಾಯಿಯೂ ಇಲ್ಲ, ಸ್ಕೂಟರೂ ಇಲ್ಲ. "ಆ ಆಟದಾಗೂ ನನ್ನನ್ನ ಹಾಕ್ಬಿಡು, ಮುಗ್ದೋಗ್ತದೆ" ಎಂದೆ. ನಡೆಯುತ್ತಲೇ ಯೋಚಿಸಿದಳು.

"ನೀವು ಜೊತೆಗಿದ್ರೆ ಆಟ ಸುಲಭ ಆಗ್ತದೆ ಅಜ್ಜಿ. ಸುಲಭ ಆದ್ರೆ ಅದು ಸುಳ್ಳು ಆಟ."

ಒರಟು ಮಾತು. ನನಗೆ ಹಿಡಿಸಿತು.

ಗಿರಿಜಾ ಒಂದು ದಿನ ಡ್ಯೂಟಿ ಮುಗಿಸಿ ನೇರ ನನ್ನ ಬಾಗಿಲಿಗೆ ಬಂದಳು. ಕೂರಲಿಲ್ಲ. ಬೇಗೂರಿನಲ್ಲಿ ತಮ್ಮ ಕಡೆಯವರು ಇರುವ ವಠಾರದಲ್ಲಿ ಒಂದು ಮನೆ ಸಿಕ್ಕಿದೆ ಎಂದಳು. ಯಾರಿಗೆ ಹೆದರಿ ಹೋಗ್ತೀಯ, ನಾನು ಹೋಗು ಅಂದಿದೀನಾ ಎಂದು ರೇಗಿದೆ.

"ನೀವು ಇಟ್ಕೊಳ್ತೀರಿ ಅಮ್ಮ, ಅದು ಗೊತ್ತು. ಆದ್ರೆ ಇವಳು ಬಸ್ ಸ್ಟಾಪಿಂದ ನಿಮ್ಮ ಗೇಟಿನ ತನಕ ಬರ್ಬೇಕಲ್ಲ? ಒಂದಿನ ನಿಮಗೆ ಜ್ವರ ಬಂದ್ರೆ?"

ಅಡ್ವಾನ್ಸಿನ ದುಡ್ಡು ತೆಗೆದುಕೊಡಲು ಒಳಗೆ ಹೋದೆ.

ಅವರು ಹೊರಟ ದಿನ ಸಾಮಾನಿಗೆ ಒಂದು ಚಿಕ್ಕ ಟೆಂಪೋ ಬಂತು. ಮಂಜ ತಾನೇ ಬೀರು ಇಳಿಸಿಕೊಟ್ಟ, ಬೆವರು ಸುರಿಸಿಕೊಂಡು. ರಸ್ತೆಗೆ ರಸ್ತೆಯೇ ಎದ್ದು ನಿಂತಿತು. ಯಾರೋ ಅಡ್ಡ ನಿಂತಿದ್ದ ಕಾರು ತೆಗೆದರು. ನಾಯಿಗಳನ್ನು ಒಳಗೆ ಕಟ್ಟಿದರು. ರೂಪಾ ಮೇಡಂ ಮೈಸೂರುಪಾಕಿನ ಡಬ್ಬಿ ತಂದು ವೇಣಿಯ ಕೈಗೆ ಕೊಟ್ಟು, "ಚೆನ್ನಾಗಿ ಓದಮ್ಮ, ಒಳ್ಳೇದಾಗ್ಲಿ" ಎಂದಳು, ಶುದ್ಧ ಕನ್ನಡದಲ್ಲೇ. ಶ್ರೀಕಂಠಯ್ಯ ಪಂಚೆ ಎತ್ತಿ ಕಟ್ಟಿ ನಡುರಸ್ತೆಯಲ್ಲಿ ನಿಂತು, "ಬರ್ಲಿ ಬರ್ಲಿ, ಸ್ವಲ್ಪ ರೈಟು, ಬರ್ಲಿ" ಎಂದು ಟೆಂಪೋದವನಿಗೆ ದಾರಿ ತೋರಿಸುತ್ತಿದ್ದರು.

ವೇಣಿ ಇದನ್ನೆಲ್ಲ ನೋಡುತ್ತ ನನ್ನ ಪಕ್ಕ ನಿಂತಿದ್ದಳು. ಕಾಲಿಗೆ ಬೀಳಲು ಬಗ್ಗಿದಳು, ಬೇಡ ಎಂದು ರೆಟ್ಟೆ ಹಿಡಿದು ಎಬ್ಬಿಸಿದೆ.

"ಇದೊಂದು ನಾ ಆಟದಲ್ಲಿ ಹಾಕಿರಲಿಲ್ಲ ಅಜ್ಜಿ. ಹೊರಗೆ ಹೋಗೋರಿಗೆ ಈ ದಾರಿ ಎಷ್ಟು ಸಲೀಸು ನೋಡಿ" ಎಂದಳು.

ತಾಯಿಯ ಪಕ್ಕ ಹತ್ತಿ ಕೂತಳು. ಟೆಂಪೋ ಎಲ್ಲಿಯೂ ನಿಲ್ಲದೆ ಅಷ್ಟೂ ಗೇಟುಗಳನ್ನು ದಾಟಿ ಮೇನ್ ರೋಡಿಗೆ ತಿರುಗಿತು. ಶ್ರೀಕಂಠಯ್ಯ ಪಂಚೆ ಇಳಿಬಿಟ್ಟು, ಕೈ ಕೊಡವಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಏನೇ ಹೇಳಿ ಮುನಿಯಮ್ಮನವ್ರೇ, ಹುಡ್ಗಿ ಮಾತ್ರ ಬುದ್ಧಿವಂತೆ" ಎಂದರು.

ನಾನು ಗೇಟು ಹಾಕಿಕೊಂಡೆ.